ಹಿಂದಿನ ಸೀಟಿನ ಅತ್ತಿಗೆ

ಟಕ್.

ಹಗಲಾಗಿದ್ದರೆ ಕೇಳಿಸುವ ಸದ್ದಲ್ಲ ಅದು. ರಾತ್ರಿ ಬಹಳ ಹೊತ್ತಾಗಿದೆ. ಅಂಗಡಿಗಳ ಶಟರ್ ಎಳೆದಾಗಿದೆ, ರಸ್ತೆಯಲ್ಲಿ ಬೀದಿದೀಪಗಳನ್ನು ಬಿಟ್ಟರೆ ಎಚ್ಚರವಾಗಿರುವವರು ಯಾರೂ ಇಲ್ಲ. ಬಿಳಿ ಕಾರೊಂದು ನಡೆದು ಹೋಗುವವರ ವೇಗದಲ್ಲಿ ರಸ್ತೆಯುಬ್ಬು ಹತ್ತಿ ಇಳಿಯುತ್ತದೆ. ಇಳಿಯುವಾಗ ಮತ್ತೆ, ಟಕ್. ಹಿಂದಿನ ಸೀಟಿನ ನಟ್ಟನಡುವೆ ಕಣ್ಣು ಮುಚ್ಚಿ ಕುಳಿತ ಹೆಂಗಸು ಕೈ ಚಾಚಿ, ಕಾರು ಓಡಿಸುತ್ತಿರುವ ಗಂಡನ ಎಡಭುಜವನ್ನು ಎರಡು ಸಲ ತಟ್ಟುತ್ತಾರೆ. ಎಡಭುಜವೆಂದರೆ ಎಡಗಡೆ, ಎರಡು ತಟ್ಟು ಎಂದರೆ ಹಿಂದಿನ ಚಕ್ರ. ಗಂಡ ತಲೆಯಾಡಿಸುತ್ತಾರೆ.

ಕಾರು ಶೆಡ್ಡಿಗೆ ವಾಪಸು ಬಂದ ಮೇಲೂ ಆ ಹೆಂಗಸು ಕೂಡಲೇ ತೀರ್ಪು ಹೇಳುವುದಿಲ್ಲ. ಇಳಿಯುತ್ತಾರೆ, ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ, ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಕಾರಿನ ಮಾಲೀಕ ಫಲಿತಾಂಶಕ್ಕೆ ಕಾದವನ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದಾನೆ. ಕೊನೆಗೆ ಲೋಟ ಕೆಳಗಿಟ್ಟು, "ಶಾಕ್ ಚೆನ್ನಾಗಿದೆ. ಅದರ ಮೇಲಿರೋ ರಬ್ಬರ್ ಸತ್ತಿದೆ. ಅದೊಂದು ಹಾಕ್ಸಿ, ಸಾಕು" ಅನ್ನುತ್ತಾರೆ. ಮಾಲೀಕನ ಉಸಿರು ಸಡಿಲವಾಗುತ್ತದೆ.

ಟೈರಿನಂಗಡಿಯ ಹಿಂದಿನ ಓಣಿಯಲ್ಲಿ, ಎರಡೇ ಕಾರು ನಿಲ್ಲುವಷ್ಟು ಜಾಗದಲ್ಲಿ, ಅಣ್ಣ ತಮ್ಮ ಇಬ್ಬರು ಸೇರಿ ನಡೆಸುವ ಗ್ಯಾರೇಜು ಇದು. ಇಂಜಿನ್ನು ಮುಟ್ಟುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಚಕ್ರಕ್ಕೂ ಕಾರಿನ ಮೈಗೂ ನಡುವೆ ಕುಳಿತು ರಸ್ತೆಯ ಪೆಟ್ಟನ್ನೆಲ್ಲ ನುಂಗುವ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು, ಅಂದರೆ ಸಸ್ಪೆನ್ಷನ್, ಇಷ್ಟೇ ಅವರ ಲೋಕ. ಅಣ್ಣನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಅವರ ಹೆಂಡತಿಯನ್ನು ತಮ್ಮ ಅತ್ತಿಗೆ ಎಂದು ಕರೆದು ಕರೆದು, ಈಗ ಗಿರಾಕಿಗಳಿಗೂ, ಟೈರಿನಂಗಡಿಯವರಿಗೂ, ಟೀ ತರುವವನಿಗೂ ಅವರು ಅತ್ತಿಗೆಯೇ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದಾರೆ. ಅತ್ತಿಗೆ ಇಲ್ಲ. ಬಿಲ್ಲಿನಲ್ಲೂ ಇಲ್ಲ. ಬಿಲ್ಲಿನಲ್ಲಿ ಏನೆಂದು ಬರೆಯುವುದು ಎಂದು ಮೈದುನ ಕೇಳುತ್ತಾನೆ. ಅವನ ಪ್ರಶ್ನೆಯಲ್ಲಿ ಕುಹಕವಿಲ್ಲ, ನಿಜವಾಗಿಯೂ ಅವನಿಗೆ ಗೊತ್ತಿಲ್ಲ.

ಅತ್ತಿಗೆಗೆ ಕಾರು ಓಡಿಸಲು ಬರುವುದಿಲ್ಲ. ಸ್ಪಾನರ್ ಹಿಡಿದವರೂ ಅಲ್ಲ. ಅವರ ಬಂಡವಾಳ ಒಂದೇ: ಕಾರು ಹತ್ತಿದರೆ ಅವರಿಗೆ ವಾಂತಿ ಬರುತ್ತದೆ.

ಚಿಕ್ಕಂದಿನಿಂದಲೂ ಹಾಗೇ. ಬಸ್ಸು ದೂರದಲ್ಲಿ ಕಂಡರೆ ಸಾಕು, ಅವರ ಅಮ್ಮ ಚೀಲ ಹುಡುಕುತ್ತಿದ್ದರಂತೆ. ಮದುವೆಯಾಗಿ ಗಂಡನ ಮನೆಗೆ ಬರುವ ದಿನ, ಯಾರದೋ ಕಾರು ಎರವಲು ತಂದಿದ್ದರು. ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಮೊದಲ ಸಲ ಮದುಮಗನ ಹೊಸ ಬೂಟಿನ ಮೇಲೇ ಆಯಿತು. ಆಗಿನ್ನೂ ಬೇರೆಯವರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಮೇಸ್ತ್ರಿ ಮುಖ ಸಿಂಡರಿಸಲಿಲ್ಲ. ಎರಡನೇ ಸಲ, ನಿನಗೆ ಎಡಕ್ಕೆ ವಾಲಿದಾಗ ಹೀಗಾಗುತ್ತದೋ ಬಲಕ್ಕೋ ಎಂದು ಕೇಳಿದರು. ಎಡಕ್ಕೆ ಎಂದಿದ್ದಕ್ಕೆ, ಮದುವೆಯ ಬಟ್ಟೆಯಲ್ಲೇ ಕಾರಿನ ಕೆಳಗೆ ಅಂಗಾತ ಮಲಗಿ ನೋಡಿದರು. ಎಡಗಡೆಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು.

"ಎಲ್ಲರೂ ಹೆಣ್ಣು ಹೇಗಿದಾಳೆ ಅಂತ ನೋಡ್ತಿದ್ರು. ಇವರು ಕಾರಿನ ಹೊಟ್ಟೆ ನೋಡ್ತಿದ್ರು" ಎಂದು ಅತ್ತಿಗೆ ನಗುತ್ತಾರೆ. "ಅವತ್ತೇ ಗೊತ್ತಾಯ್ತು ನನಗೆ, ಈ ಮನುಷ್ಯನ ಜೊತೆ ಬದುಕ್ಬಹುದು ಅಂತ."

ಈಗ ವಾರಕ್ಕೆ ಹತ್ತು ಹನ್ನೆರಡು ಕಾರುಗಳಲ್ಲಿ ಅವರು ಕೂರುತ್ತಾರೆ. ಹಗಲು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ, ರಾತ್ರಿ ಬೀದಿ ತಣ್ಣಗಾದ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ. ಸಂಜೆಯಿಂದ ಏನೂ ತಿನ್ನುವಂತಿಲ್ಲ. ಸವಾರಿ ಮುಗಿದು ಅವರು ಊಟಕ್ಕೆ ಕೂರುವಾಗ ಮನೆಯವರೆಲ್ಲ ಒಂದು ನಿದ್ದೆ ಮುಗಿಸಿರುತ್ತಾರೆ. ಕತ್ತು ನೋಯುತ್ತದೆ, ಮಳೆಗಾಲದಲ್ಲಿ ಹೆಚ್ಚು. ವಾಂತಿಗೆ ಒಳ್ಳೆಯ ಮಾತ್ರೆಗಳಿವೆಯಲ್ಲ ಎಂದು, ಇವರ ಬಗ್ಗೆ ಬರೆಯಲು ಬಂದಿದ್ದ ನಾನು ಕೇಳಿದೆ, ಕೇಳಿದ ಮೇಲೆ ಕೇಳಬಾರದಿತ್ತೇನೋ ಅನ್ನಿಸಿತು. "ತಗೊಂಡ್ರೆ ಮೀಟರ್ ಕೆಟ್ಟೋಗುತ್ತಲ್ಲ ಮೇಡಂ" ಅಂದರು, ತುಂಬ ಸಹಜವಾಗಿ. ಯಾವತ್ತಾದರೂ ಒಮ್ಮೆ, ಬೇರೆಯವರ ಹಾಗೆ ಕಾರಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಬೇಕು ಅನ್ನುವುದು ಅವರ ಆಸೆ. ಎಲ್ಲಿಗಾದರೂ ಹೋಗಬೇಕೆಂದಲ್ಲ, ಸುಮ್ಮನೆ ನಿದ್ದೆ.

ಇತ್ತೀಚೆಗೆ ಅವರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಪುಟ್ಟ ಕಾರಿಗೆ ದೊಡ್ಡ ಇಂಜಿನ್ನು ಕೂರಿಸಿದ ಜಾತಿಯ ಕಾರುಗಳವರು. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು. ಹೊಸದು ಕೈಗೆಟುಕುವುದಿಲ್ಲವೆಂದು ಹಳೆಯದನ್ನು ಕೊಳ್ಳುತ್ತಾರೆ. ಅದರ ಜೊತೆಗೆ ಮೊದಲಿನ ಮಾಲೀಕ ಹಾಕಿಸಿದ ಸ್ಪೋರ್ಟ್ ಸಸ್ಪೆನ್ಷನ್ನೂ ಬರುತ್ತದೆ. ಗಿಡ್ಡ ಸ್ಪ್ರಿಂಗು, ಗಟ್ಟಿ ಶಾಕು. ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ಉಬ್ಬಿನ ಮೇಲೆ ಒಳಗಿದ್ದವರ ಹಲ್ಲುಗಳು ಪರಸ್ಪರ ಮಾತಾಡಿಕೊಳ್ಳುತ್ತವೆ. ಇದನ್ನೇ ಇಟ್ಟುಕೊಳ್ಳುವುದೋ, ಕಂಪನಿ ಕೊಟ್ಟ ಸಾದಾ ಸ್ಟ್ಯಾಂಡರ್ಡ್ ಸೆಟ್ಟಿಗೆ ಮರಳುವುದೋ? ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಎಷ್ಟು ಊಟಗಳನ್ನು ಕೆಡಿಸಿದೆಯೋ, ಮೇಸ್ತ್ರಿಗೆ ಲೆಕ್ಕ ತಪ್ಪಿದೆ.

ಅತ್ತಿಗೆ ಮೊದಲು ಕೇಳುವುದು ಕಾರಿನ ಬಗ್ಗೆ ಅಲ್ಲ. ಹಿಂದೆ ಯಾರು ಕೂರುತ್ತಾರೆ ಎಂದು ಕೇಳುತ್ತಾರೆ. "ಓಡಿಸೋರಿಗೆ ಸ್ಟೇರಿಂಗ್ ಇದೆ, ಹಿಡ್ಕೊಳ್ತಾರೆ. ತಿರುವು ಬರೋದು ಮೊದಲೇ ಗೊತ್ತಿರುತ್ತೆ. ಹಿಂದೆ ಕೂತೋರಿಗೆ ಏನಿದೆ? ಬಂದದ್ದನ್ನ ಅನುಭವಿಸ್ಬೇಕು." ಹಾಗೆಂದು ಮೆತ್ತಗಿರುವುದೆಲ್ಲ ಒಳ್ಳೆಯದು ಎಂದೇನೂ ಅವರು ನಂಬಿಲ್ಲ. ಮೆತ್ತಗಿನ ಕಾರು ತೊಟ್ಟಿಲಿನ ಹಾಗೆ ತೂಗಿ ತೂಗಿಯೇ ಹೊಟ್ಟೆ ಕಲಕುತ್ತದೆ. ಅವರ ತೀರ್ಪು ತಪ್ಪಿದ್ದೂ ಉಂಟು. ಒಬ್ಬ ಫೋಟೋಗ್ರಾಫರನಿಗೆ ಗಟ್ಟಿಯದೇ ಇರಲಿ ಅಂದಿದ್ದರು. ಅವನ ಹೆಂಡತಿ ಆಗ ಬಸುರಿ ಎಂಬುದನ್ನು ಅವನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಆಕೆ ಬಂದು ಓಣಿಗೆಲ್ಲ ಕೇಳುವಂತೆ ಬೈದು ಹೋದಳಂತೆ. ಅವಳದ್ದೇ ಸರಿ ಅನ್ನುತ್ತಾರೆ ಅತ್ತಿಗೆ.

ಈ ಓಣಿಯಲ್ಲಿ ಎಲ್ಲರೂ ಹೇಳುವ ಕತೆ ಮಾತ್ರ ಕೆಂಪು ಕಾರಿನದು.

ಕೆಂಪು ಕಾರು ಒಬ್ಬ ನರ್ಸಿನದು. ಊರಾಚೆ, ನೀರಿನ ಟ್ಯಾಂಕಿರುವ ಗುಡ್ಡದ ತಿರುವುಗಳನ್ನು ದಾಟಿ ಹೋದರೆ ಸಿಗುವ ಆಸ್ಪತ್ರೆಯಲ್ಲಿ ಆಕೆಗೆ ಕೆಲಸ. ತನಗಾಗಿ ಎಂದು ಏನನ್ನೂ ಕೊಂಡವಳಲ್ಲ, ಇದೊಂದನ್ನು ಕೊಂಡಿದ್ದಳು. ಆ ತಿರುವುಗಳಲ್ಲಿ ಆ ಗಟ್ಟಿ ಕಾರನ್ನು ಓಡಿಸುವಾಗ ಡ್ಯೂಟಿಯ ದಣಿವೆಲ್ಲ ಇಳಿದುಹೋಗುತ್ತಿತ್ತು ಎಂದು ಆಕೆಯೇ ನನಗೆ ಹೇಳಿದಳು, ಸ್ವಲ್ಪ ನಾಚಿಕೊಂಡು.

ಮನೆಯಲ್ಲಿ ಅಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮೆಟ್ಟಿಲಲ್ಲಿ ಜಾರಿ ಎಡ ಮೊಣಕಾಲು ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಕಾಲು ಮಡಚಲು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಆ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಕಾಲು ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮೊದಲು ಬಸ್ಸಿನಲ್ಲಿ ತಪ್ಪದೆ ಹೋಗಿಬರುತ್ತಿದ್ದರು. ಹಳೆಯ ಸಹೋದ್ಯೋಗಿಗಳ ಬಸ್ಸು, ಮುಂದಿನ ಸಾಲಿನ ಸೀಟು, ಹರಟೆ. ಮಗಳು ಕಾರು ಕೊಂಡಳು. ಅಪ್ಪ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಎರಡು ವಾರ ಬಂದರು. ಆಮೇಲೆ ನೆಪ ಶುರು. ಇವತ್ತು ತಲೆಭಾರ, ನಾಳೆ ಯಾರೋ ಬರುತ್ತಾರೆ, ಕಾಲು ಈಗ ಸರಿಯಾಗಿದೆಯಲ್ಲ. ಬಸ್ಸಿನಲ್ಲಾದರೂ ಹೋಗಿ ಎಂದರೆ, ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಬಸ್ಸಿಗೆ ಕಾದರೆ ಜನ ಏನಂದುಕೊಂಡಾರು ಎಂಬ ಉತ್ತರ. ನೆಪಗಳು ಬೆಳೆದಂತೆ ಮೊಣಕಾಲು ಬಿಗಿಯುತ್ತ ಬಂತು.

ಕಾರಿನ ಗಟ್ಟಿ ಪೆಟ್ಟಿಗೆ ಅಪ್ಪನ ಬೆನ್ನು ನೋಯುತ್ತಿದೆ ಎಂದು ಮಗಳು ತೀರ್ಮಾನಿಸಿದಳು. ದಿನವಿಡೀ ರೋಗಿಗಳ ಬೆನ್ನು ನೋಡುವವಳು. ಡ್ರೈವರ್ ಕೆಲಸ ಯಾರ ಬೆನ್ನನ್ನು ಉಳಿಸಿದೆ? ಸ್ಟ್ಯಾಂಡರ್ಡ್ ಸೆಟ್ಟು ಹಾಕಿಸುತ್ತೇನೆ ಅಂದಳು. ಮೊದಲಿನ ಮಾಲೀಕ ಅದನ್ನು ಹಳೇ ಕಂಬಳಿಯಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಟ್ಟು ಕೊಟ್ಟಿದ್ದ. ಅಪ್ಪ ರೇಗಿದರು. ಕಾರು ಅಂದರೆ ಹೀಗಿರಬೇಕು, ಮುಟ್ಟಬೇಡ, ನನ್ನ ಬೆನ್ನಿಗೇನಾಗಿದೆ ಎಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ತಿಂಗಳು ಹೀಗೇ ಕಳೆದ ಮೇಲೆ, ಹಿಂದಿನ ಸೀಟಿಗೆ ಭಾರ ಬೇಕಂತೆ ಎಂದು ಸುಳ್ಳು ಹೇಳಿ ಮಗಳು ಅಪ್ಪನನ್ನು ಗ್ಯಾರೇಜಿಗೆ ಕರೆತಂದಳು. ಅತ್ತಿಗೆಯನ್ನು ಪಕ್ಕಕ್ಕೆ ಕರೆದು ಬೇಡಿಕೊಂಡಳು. "ಅಪ್ಪ ಬಾಯಿ ಬಿಡಲ್ಲ ಅತ್ತಿಗೆ. ನೀವೇ ಪಕ್ಕದಲ್ಲಿ ಕೂತು ನೋಡಿ. ಅವರಿಗೆ ನೋಯುತ್ತೆ ಅಂದ್ರೆ ನಾನು ಸಸ್ಪೆನ್ಷನ್ ಅಲ್ಲ, ಕಾರನ್ನೇ ಮಾರಿಬಿಡ್ತೀನಿ."

ಮೊದಲ ಸವಾರಿ ಗಟ್ಟಿ ಸೆಟ್ಟಿನಲ್ಲೇ. ಮಗಳು ಓಡಿಸುತ್ತಿದ್ದಳು, ಪಕ್ಕದಲ್ಲಿ ಮೇಸ್ತ್ರಿ. ಹಿಂದೆ ಅತ್ತಿಗೆ ಮತ್ತು ಅಪ್ಪ, ಗ್ಯಾರೇಜಿನವರ ಬಾಯಲ್ಲಿ ಯಜಮಾನರು. ಉಬ್ಬುಗಳ ಮೇಲೆ ಕಾರು ಕುಕ್ಕಿತು. ಯಜಮಾನರು ಪ್ರತಿ ಉಬ್ಬಿಗೂ ಸರಿಯಾದ ಹೊತ್ತಿಗೆ ಮೈ ಸಡಿಲಿಸಿ, ಅಡಿಯಿಂದ ಬರುವ ಪೆಟ್ಟನ್ನು ಹಗುರಾಗಿ ತಪ್ಪಿಸಿಕೊಂಡರು. ಮೂವತ್ತು ವರ್ಷದ ಅಭ್ಯಾಸ. ರಸ್ತೆ ಹಾಕಿದವರನ್ನು ಬೈಯಲೂ ಅವರಿಗೆ ಪುರುಸೊತ್ತಿತ್ತು. ಬೆನ್ನಿಗೆ ಏನೂ ಆಗಿಲ್ಲ ಎಂದು ಅತ್ತಿಗೆಗೆ ಅಲ್ಲೇ ಗೊತ್ತಾಯಿತು. ಗುಡ್ಡದ ತಿರುವು ಶುರುವಾದ ಮೇಲೆ ಯಜಮಾನರ ಮಾತು ನಿಂತಿತು. ಕಿಟಕಿಯ ಗಾಜನ್ನು ಬೆರಳಷ್ಟು ಇಳಿಸಿದರು.

ಆ ಸವಾರಿಯ ಬಗ್ಗೆ ಅತ್ತಿಗೆ ನನಗೆ ಹೇಳಿದ್ದು ಇಷ್ಟನ್ನೇ. ನೀರು ಕುಡಿದ ಮೇಲೂ ಅವರು ತೀರ್ಪು ಕೊಡಲಿಲ್ಲ. ಮೆತ್ತಗಿನದನ್ನೂ ಹಾಕಿ ನೋಡಿಯೇ ಹೇಳುತ್ತೇನೆ ಅಂದರು.

ಎರಡು ದಿನ ಬಿಟ್ಟು ಎರಡನೇ ಸವಾರಿ. ಉಬ್ಬುಗಳ ಮೇಲೆ ಕಾರು ಬೆಣ್ಣೆಯಂತೆ ಜಾರಿತು. ಕನ್ನಡಿಯಲ್ಲಿ ಅಪ್ಪನನ್ನು ನೋಡಿದ ಮಗಳಿಗೆ ಸಮಾಧಾನವೂ ಆಯಿತು, ತನ್ನ ಕಾರು ಹೋಯಿತಲ್ಲ ಎಂಬ ಸಂಕಟವೂ. ಗುಡ್ಡ ಹತ್ತುವಾಗ ಪ್ರತಿ ತಿರುವಿನಲ್ಲೂ ಕಾರು ಹೊರಗೆ ವಾಲಿ, ತಡೆದು, ಮತ್ತೆ ಒಳಗೆ ವಾಲಿತು. ನೀರಿನ ಟ್ಯಾಂಕಿಗೆ ಇನ್ನೇನು ಎರಡು ತಿರುವಿದೆ ಅನ್ನುವಾಗ ಹಿಂದಿನಿಂದ ಚೀಲದ ಸರಪರ ಸದ್ದು, ಆಮೇಲೆ ಕೇಳಲಾಗದ ಸದ್ದು. ಮಗಳು ಬದಿಗೆ ಹಾಕಿ ನಿಲ್ಲಿಸಿದಳು. ಬಾಗಿಲು ತೆರೆದು, ಬಾಯಿ ಕಟ್ಟಿದ ಚೀಲ ಹಿಡಿದು ಇಳಿದವರು ಅತ್ತಿಗೆ.

"ನನಗೇ ಕಣಮ್ಮ. ನಂದು ಗೊತ್ತಲ್ಲ" ಅಂದರು.

ಯಾರೂ ಆಶ್ಚರ್ಯಪಡಲಿಲ್ಲ. ನರ್ಸು ನೀರಿನ ಬಾಟಲಿ ಹಿಡಿದು ಓಡಿಬಂದಳು. ಅತ್ತಿಗೆಯನ್ನು ಕಲ್ಲಿನ ಮೇಲೆ ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿದಳು. ಅತ್ತಿಗೆ ವಿಧೇಯರಾಗಿ ಮುಕ್ಕಳಿಸಿದರು. ನಮ್ಮ ಮೀಟರು ತುಂಬಿ ಹರಿಯಿತು ಎಂದು ಮೇಸ್ತ್ರಿ ತಮಾಷೆ ಮಾಡಿದರು. ಯಜಮಾನರು ಮಾತ್ರ ಕಾರಿನೊಳಗೇ ಕೂತು, ಆ ಕಡೆಯ ಕಿಟಕಿಯಿಂದ ಕತ್ತಲೆಯನ್ನು ನೋಡುತ್ತಿದ್ದರು.

ಇಳಿಯುವ ದಾರಿಗೆ ಹೊರಡುವಾಗ ಅತ್ತಿಗೆ ಎಂದೂ ಕೇಳದ್ದನ್ನು ಕೇಳಿದರು. ನನಗೆ ಸುಸ್ತು, ಮೇಸ್ತ್ರಿ ಹಿಂದೆ ಬಂದು ನನ್ನ ಕೈ ಹಿಡಿದುಕೊಂಡು ಕೂರಲಿ, ಯಜಮಾನರು ಮುಂದೆ ಹೋಗಲಿ ಎಂದು. ಯಜಮಾನರ ಮುಖ ಗಂಟಾಯಿತು. ಬಸ್ಸು ಲಾರಿಯವರ ಲೋಕದಲ್ಲಿ ಡ್ರೈವರಿನ ಪಕ್ಕದ್ದು ಕ್ಲೀನರಿನ ಜಾಗ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರು ಅಲ್ಲಿ ಕೂರುವುದೇ? ಕಾರು ಕೊಂಡ ದಿನದಿಂದ ಅವರು ಅಲ್ಲಿ ಕೂರದೆ ಇದ್ದದ್ದು ಕಾಲು ಚಾಚುವುದಕ್ಕಲ್ಲ, ಇದಕ್ಕೆ.

"ಆ ಸೀಟು ನನಗಲ್ಲ ತಾಯಿ" ಅಂದರು.

"ನಿಮ್ಮ ಮಗಳು ತಿರುವಿನೊಳಗೆ ಹೋದ ಮೇಲೆ ಗೇರ್ ಬದಲಾಯಿಸ್ತಾಳೆ. ನೀವು ಹಿಂದೆ ಕೂತು ತ್ಚ್ ತ್ಚ್ ಅಂತೀರ, ಅವಳಿಗೆ ಕೇಳ್ಸಲ್ಲ" ಅಂದರು ಅತ್ತಿಗೆ. "ಪಾಠ ಹೇಳೋ ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂರ್ತಾರಾ ಯಜಮಾನ್ರೇ?"

ಮೇಸ್ತ್ರಿ ಸೀಟನ್ನು ಪೂರ್ತಿ ಹಿಂದೆ ಸರಿಸಿದರು. ಕಾಲು ಚಾಚಲು ಜಾಗವಾಯಿತು. ಯಜಮಾನರು ಹತ್ತಿದರು. ಮೊದಲ ತಿರುವಿಗೇ, "ಈಗಲೇ ಎರಡನೇ ಗೇರು. ಈಗಲೇ. ತಿರುವಿಗೆ ಮುಂಚೆ" ಎಂದು ಶುರುವಾದ ಪಾಠ ಗುಡ್ಡದ ಬುಡ ಬಂದರೂ ನಿಲ್ಲಲಿಲ್ಲ. ಒಂದು ಕ್ಷಣವೂ ಕಿಟಕಿ ಇಳಿಸಲಿಲ್ಲ. ಕಣ್ಣೆದುರು ರಸ್ತೆಯಿತ್ತು, ಅವರ ಬಲಗಾಲು, ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಶೆಡ್ಡಿಗೆ ಬಂದು, ಮುಖ ತೊಳೆದು, ನೀರು ಕುಡಿದು ಅತ್ತಿಗೆ ತೀರ್ಪು ಕೊಟ್ಟರು. ಗಟ್ಟಿ ಸೆಟ್ಟೇ ವಾಪಸು ಹಾಕಿ. ಒಣಗಿದ ರಬ್ಬರುಗಳನ್ನು ತೆಗೆದು ಹೊಸದು ಕೂರಿಸಿ. ಮಾರಿದವನು ಟೈರಿಗೆ ಮಿತಿ ಮೀರಿ ಗಾಳಿ ತುಂಬಿದ್ದಾನೆ, ಇಳಿಸಿ. "ಮೆತ್ತಗಿನದು ನಿಮ್ಮ ಗುಡ್ಡಕ್ಕೆ ಆಗಲ್ಲ ಸಿಸ್ಟರಮ್ಮ. ನಿಮ್ಮಪ್ಪನ ಬೆನ್ನು ನನ್ನ ಬೆನ್ನಿಗಿಂತ ಗಟ್ಟಿ. ಅವರನ್ನ ಮುಂದೆ ಕೂರಿಸ್ಕೊಂಡು ಹೋಗಿ." ಮಗಳು ಅಪ್ಪನ ಕಡೆ ನೋಡಿದಳು. ಇವಳಿಗೆ ಪಾಠ ಬೇಕಾದರೆ ಬರುತ್ತೇನೆ ಎಂದರು ಯಜಮಾನರು.

ಅಲ್ಲಿಂದಾಚೆ ಒಂದು ವಾರವೂ ತಪ್ಪಿಲ್ಲ. ಕಾಲು ಈಗ ಮಡಚುತ್ತದೆ. ಗೇಟಿನವರೆಗೆ ಕೋಲಿಲ್ಲದೆ ನಡೆಯುತ್ತಾರೆ. ಪಾಠ ಕೇಳಿ ಕೇಳಿ ತನ್ನ ಕಿವಿ ಮಾತ್ರ ತೂತಾಗಿದೆ ಎಂದು ಮಗಳ ದೂರು. ದೂರುವಾಗ ಆಕೆಯ ಮುಖ ಅರಳಿರುತ್ತದೆ.

ಆ ರಾತ್ರಿಯ ಬಗ್ಗೆ ಮೇಸ್ತ್ರಿಗೆ ಒಂದು ಗುಮಾನಿ ಇತ್ತು. ಹೆಂಡತಿಗೆ ವಾಂತಿಯಾದರೆ ಕೈ ಮಂಜುಗಡ್ಡೆಯಾಗುತ್ತದೆ, ಅರ್ಧ ಗಂಟೆ ಮಾತು ಹೊರಡುವುದಿಲ್ಲ. ಅವತ್ತು ಹಿಡಿದುಕೊಂಡ ಕೈ ಬೆಚ್ಚಗಿತ್ತು, ಮೇಷ್ಟ್ರು ಬೆಂಚು ಎಂದು ಮಾತು ಬೇರೆ. "ನಾನೇನೂ ಕೇಳ್ಲಿಲ್ಲಪ್ಪ. ಅಷ್ಟು ವರ್ಷಕ್ಕೆ ಒಂದ್ಸಲ ಕೈ ಹಿಡ್ಕೋ ಅಂದಿದ್ಲು" ಅನ್ನುತ್ತಾರೆ.

ಗುಟ್ಟನ್ನು ಬಿಚ್ಚಿದವರು ಯಜಮಾನರೇ. ಕಳೆದ ಚಳಿಗಾಲದಲ್ಲಿ, ಅದೇ ಗುಡ್ಡದ ಅದೇ ತಿರುವಿನಲ್ಲಿ, ಮಗಳು ಗೇರು ಸರಿಯಾಗಿ ಬದಲಾಯಿಸಿದ ಖುಷಿಗೋ ಏನೋ, ಬಾಯಿ ಬಿಟ್ಟರಂತೆ. ಆ ಚೀಲ ತನ್ನದು. ಮೂವತ್ತು ವರ್ಷ ಊರೆಲ್ಲ ಸುತ್ತಿಸಿದವನಿಗೆ, ಹಿಂದೆ ಕೂತರೆ ತಲೆ ಸುತ್ತುತ್ತದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಅದಕ್ಕೇ ಆ ನೆಪಗಳೆಲ್ಲ. ಇಬ್ಬರೂ ಕಾರು ನಿಲ್ಲಿಸಿ ನಕ್ಕರಂತೆ. ಇದನ್ನು ಬರೆಯಬಹುದೇ ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಯಜಮಾನರು, ಬರೆಯಿರಿ, ಆ ತಾಯಿಯ ಹೆಸರಿಗೆ ನನ್ನ ವಾಂತಿ ಇನ್ನೆಷ್ಟು ದಿನ ಅಂದರು.

ಅದನ್ನೇ ಹೊತ್ತುಕೊಂಡು ನಾನು ಅತ್ತಿಗೆಯ ಮನೆಗೆ ಹೋದಾಗ ಅವರು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು. ಎಲ್ಲ ಹೇಳಿದೆ. ಯಜಮಾನರು ಒಪ್ಪಿಕೊಂಡಿದ್ದಾರೆ, ಮಗಳಿಗೂ ಗೊತ್ತಾಗಿದೆ, ಮೇಸ್ತ್ರಿಗೂ ಗುಮಾನಿಯಿದೆ. ಇನ್ನು ನೀವೂ ಹೇಳಬಹುದಲ್ಲ ಅಂದೆ. ಅವರು ದಾರವನ್ನು ಹಲ್ಲಿನಲ್ಲಿ ಕಡಿದು, ಗುಂಡಿಯನ್ನು ಎಳೆದು ಭದ್ರವಾಗಿದೆಯೇ ನೋಡಿದರು.

"ಅವರು ಹೇಳ್ಕೊಂಡ್ರೆ ಅದು ಅವರ ಮಾತು ಮೇಡಂ. ನಾನು ಯಾರಿಗೂ ಹೇಳಲ್ಲ ಅಂತ ಅವತ್ತು ಕಲ್ಲಿನ ಮೇಲೆ ಕೂತಾಗಲೇ ಅಂದ್ಕೊಂಡಾಗಿದೆ. ನನ್ನ ಪಕ್ಕ ಕೂತೋರು ನನ್ನ ನಂಬಿ ಕೂತಿರ್ತಾರೆ." ಕೋಟನ್ನು ಮಡಚಿ ಬದಿಗಿಟ್ಟರು. "ವಾಂತಿ ಆಗಿದ್ದು ನನಗೇ. ಹಾಗೇ ಬರ್ಕೊಳ್ಳಿ."